ಬೆಳೆಯ ಜೊತೆಗೆ ಬೆಳೆಗಾರನನ್ನೂ ನೋಡೋಣ

ತೊಗರಿ ಬೆಳೆಯುವ ರೈತರಿಗೆ ನೆಟೆರೋಗದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಹೂವಾಡಿ ಕಾಯಿ ಕಟ್ಟುವ ಕಾಲದಲ್ಲಿ, ನಿನ್ನೆಯವರೆಗೆ ಹಸಿರಾಗಿದ್ದ ಗಿಡ ಜೋಲುಬಿದ್ದು ಒಣಗುತ್ತದೆ. 'ರಾತ್ರೋರಾತ್ರಿ ಹೋಯಿತು' ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಅದು ಒಂದು ರಾತ್ರಿಯಲ್ಲಿ ಹೋದುದಲ್ಲ. ಮಣ್ಣಿನಲ್ಲಿದ್ದ ಶಿಲೀಂಧ್ರ ಎಷ್ಟೋ ವಾರಗಳ ಮೊದಲೇ ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕಿರುತ್ತದೆ. ಆದುದರಿಂದಲೇ ಗಿಡ ಒಣಗಿದ ಮೇಲೆ ಔಷಧಿ ಸುರಿಯುವ ಬದಲು, ಬಿತ್ತುವ ಮೊದಲೇ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸಿರಿ, ರೋಗ ನಿರೋಧಕ ತಳಿ ಆರಿಸಿರಿ, ಬೆಳೆ ಬದಲಾಯಿಸಿರಿ ಎಂದು ಹೇಳುತ್ತ ಬಂದಿದ್ದೇವೆ.

ಮನುಷ್ಯನ ಮನಸ್ಸಿನ ವಿಷಯದಲ್ಲಿಯೂ ಹೆಚ್ಚುಕಡಿಮೆ ಇದೇ ಮಾತು. ಊರಿನಲ್ಲಿ ಯಾರಾದರೂ ತಮ್ಮ ಜೀವಕ್ಕೆ ತಾವೇ ಎರವಾದಾಗ 'ನಿನ್ನೆ ಸಂಜೆ ಕೂಡ ಮಾತನಾಡಿಸಿದ್ದೆ, ಚೆನ್ನಾಗಿಯೇ ಇದ್ದ' ಎನ್ನುವವರು ಇರುತ್ತಾರೆ. ಕೊನೆಯ ಗಳಿಗೆ ಆವೇಶದ್ದಿರಬಹುದು. ಅದರ ಹಿಂದಿನ ಸಂಕಟ ಮಾತ್ರ ಬಹುಪಾಲು ಹಳೆಯದು. ಬೇರಿನ ಬಳಿ ಎಂದೋ ಆರಂಭವಾದುದು ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಹಲವು ವರ್ಷಗಳ ಹಿಂದೆ ನೆಟೆರೋಗ ನೋಡಲೆಂದೇ ನಾನು ಒಂದು ಹಳ್ಳಿಗೆ ಹೋಗಿದ್ದೆ. ಹೊಲದ ಒಡೆಯ ನಡುವಯಸ್ಸಿನವನು. ನಾನು ಕಾಂಡ ಸೀಳಿ ತೋರಿಸಿದೆ, ಮುಂದಿನ ಹಂಗಾಮಿಗೆ ಮಾಡಬೇಕಾದುದನ್ನು ವಿವರಿಸಿದೆ. ಅವನು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ನಾನು ಅದೇ ಉತ್ತರವನ್ನು ಮೂರು ಸಲ ಹೇಳಿ, ಮತ್ತೊಂದು ಹಳ್ಳಿಗೆ ಹೊತ್ತಾಯಿತೆಂದು ಜೀಪು ಹತ್ತಿದೆ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು, ಹೆಂಡತಿ ಬದುವಿನಾಚೆ ನಿಂತು ನನಗೆ ಏನನ್ನೋ ಹೇಳಲು ಹವಣಿಸುತ್ತಿದ್ದಳು. ಇವೆಲ್ಲ ನನಗೆ ಕಂಡಿದ್ದವು. ಆದರೆ ಅವನ್ನು ಗಮನಿಸುವುದು ನನ್ನ ಕೆಲಸವೆಂದು ಯಾರೂ ನನಗೆ ಕಲಿಸಿರಲಿಲ್ಲ. ತಿಂಗಳೊಳಗೆ ಅವನು ಜಿಲ್ಲಾ ಆಸ್ಪತ್ರೆ ಸೇರಿದ ಸುದ್ದಿ ಬಂತು. ಪುಣ್ಯಕ್ಕೆ ಬದುಕಿಕೊಂಡ. ನೋಡಲು ಹೋದಾಗ ನನ್ನ ಮೇಲೆ ದೂರು ಹೇಳಲಿಲ್ಲ. ಹೊಸ ತಳಿಯ ಬೀಜ ಯಾವಾಗ ಬರುತ್ತದೆ ಎಂದು ಕೇಳಿದ. ಅಂದಿನಿಂದ ಈ ವಿಷಯ ನನ್ನನ್ನು ಕಾಡುತ್ತಿದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ: ರೈತನ ಮನಸ್ಸಿನ ಸಂಕಟವನ್ನು ಗುರುತಿಸಿ, ಕಿವಿಗೊಟ್ಟು ಕೇಳಿ, ಸರಿಯಾದ ಕಡೆ ಕರೆದೊಯ್ಯುವುದು ಬೀಜೋಪಚಾರದಷ್ಟೇ ಕಲಿಯಬಹುದಾದ ಮತ್ತು ಕಲಿಸಬೇಕಾದ ವಿದ್ಯೆ. ಅದನ್ನು ಕಲಿಸಲು ಹೊಸ ಕಟ್ಟಡ, ಹೊಸ ಇಲಾಖೆ ಬೇಕಾಗಿಲ್ಲ. ರೈತ ದಿನವೂ ಹೋಗಿಬರುವ ಸ್ಥಳಗಳಲ್ಲಿಯೇ, ಅಲ್ಲಿ ಈಗಾಗಲೇ ಇರುವ ಜನರಿಗೇ ಕಲಿಸಬೇಕು.

ಸಮಸ್ಯೆಯ ಗಾತ್ರ

ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದ ಕೃಷಿ ಕ್ಷೇತ್ರದಲ್ಲಿ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಇವರಲ್ಲಿ 5,207 ಜನ ಸಾಗುವಳಿದಾರರು, 6,083 ಜನ ಕೃಷಿ ಕಾರ್ಮಿಕರು. ನಮ್ಮ ರಾಜ್ಯದ ಪಾಲು 2,392. ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮದು. ರೈತರ ಸಂಕಟವೆಂದರೆ ಭೂಮಿ ಇದ್ದವರ ಸಂಕಟ ಮಾತ್ರವೆಂದು ತಿಳಿಯಬಾರದು. ಆ ಭೂಮಿಯಲ್ಲಿ ಕೂಲಿ ಮಾಡುವವರ ಸಂಖ್ಯೆಯೇ ಇಲ್ಲಿ ಹೆಚ್ಚೆಂಬುದನ್ನು ಗಮನಿಸಬೇಕು.

ಇದು ಕೊನೆಯ ಹಂತದ ಲೆಕ್ಕ. ಅದಕ್ಕೆ ಮೊದಲಿನ ಹಂತದಲ್ಲಿ, ನಿದ್ದೆಯಿಲ್ಲದೆ, ಊಟ ಸೇರದೆ, ಯಾರಿಗೂ ಹೇಳದೆ ನವೆಯುತ್ತಿರುವವರು ಇವರ ಎಷ್ಟೋ ಪಟ್ಟು ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕಗಳಂತಹ ಸಾಮಾನ್ಯ ಮಾನಸಿಕ ತೊಂದರೆಯುಳ್ಳ 100 ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲವೆಂದು ಕಂಡುಬಂತು. ಎತ್ತಿಗೆ ಒಂದು ಹೊತ್ತು ಮೇವು ಸೇರದಿದ್ದರೆ ಪಶುವೈದ್ಯರ ಬಳಿಗೆ ಓಡುವ ನಾವು, ಮನೆಯ ಯಜಮಾನ ತಿಂಗಳುಗಟ್ಟಲೆ ಸರಿಯಾಗಿ ಉಣ್ಣದಿದ್ದರೂ 'ಏನೋ ಯೋಚನೆ' ಎಂದು ಸುಮ್ಮನಿರುತ್ತೇವೆ.

ಕಾರಣ ಒಂದೇ ಅಲ್ಲ. ಸಾಲವೆಂದು ಕೆಲವರು, ಕುಡಿತವೆಂದು ಕೆಲವರು, ಬೆಲೆ ಕುಸಿತವೆಂದು ಇನ್ನು ಕೆಲವರು ವಾದಿಸುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯ ತಜ್ಞ ಸಮಿತಿ 2002ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿ, ಬೆಳೆನಷ್ಟದೊಡನೆ ಸಂಸಾರದ ತಾಪತ್ರಯ, ಕುಡಿತ ಮೊದಲಾದ ಅನೇಕ ಕಾರಣಗಳನ್ನು ಮುಂದಿಟ್ಟಿತು. ತಪ್ಪನ್ನು ರೈತನ ಮೇಲೆಯೇ ಹೊರಿಸಿದಂತಾಯಿತು ಎಂಬ ಆಕ್ಷೇಪಣೆಯೂ ಕೇಳಿಬಂತು. ನನ್ನ ಮಟ್ಟಿಗೆ ಹೇಳುವುದಾದರೆ, ಸಾಲ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವನು ಕುಡಿತಕ್ಕೆ ಬೀಳುತ್ತಾನೆ, ಕುಡಿತ ಮನೆಯಲ್ಲಿ ಜಗಳ ಹುಟ್ಟಿಸುತ್ತದೆ, ಜಗಳದಿಂದ ಮನುಷ್ಯ ಒಂಟಿಯಾಗುತ್ತಾನೆ. ಸರಪಳಿಯ ಯಾವುದಾದರೂ ಒಂದು ಕೊಂಡಿಯನ್ನು ಕಳಚಿದರೂ ಜೀವ ಉಳಿಯಬಹುದು. ಯಾವ ಕೊಂಡಿ ದೊಡ್ಡದೆಂದು ವಾದಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ.

ಬಳ್ಳಾರಿ ಕಲಿಸಿದ ಪಾಠ

ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ತಜ್ಞರೇ ಬೇಕು, ಹಳ್ಳಿಯವರಿಂದ ಏನಾದೀತು ಎಂದು ಕೇಳುವವರಿಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. 1974ರಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್, ಮರುವರ್ಷದಿಂದಲೇ ಹಳ್ಳಿಗಳತ್ತ ಮುಖಮಾಡಿ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ನಡೆಸಿತು. ಅಲ್ಲಿನ ಅನುಭವದ ಆಧಾರದ ಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಆಯ್ದ ಕೆಲವೇ ಔಷಧಿಗಳನ್ನು ಕೇಂದ್ರಗಳಲ್ಲಿ ಇಡಲಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತರು ರೋಗಿಗಳನ್ನು ಗುರುತಿಸಬಲ್ಲರು, ಸಾಮಾನ್ಯ ವೈದ್ಯರು ಚಿಕಿತ್ಸೆ ಕೊಡಬಲ್ಲರು ಎಂಬುದು ಅಲ್ಲಿ ರುಜುವಾತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ತಳಹದಿ.

ಹೀಗೆ ದೇಶಕ್ಕೆ ಮಾದರಿಯಾದ ನಾವು ಆ ಪಾಠವನ್ನು ಆಸ್ಪತ್ರೆಯ ಬಾಗಿಲಿಗೆ ನಿಲ್ಲಿಸಿಬಿಟ್ಟೆವು. ಆಸ್ಪತ್ರೆಗೆ ಹೋಗುವ ಮನಸ್ಸು ಮಾಡಿದವನಿಗೆ ಈಗ ದಾರಿ ಇದೆ. ಆ ಮನಸ್ಸನ್ನೇ ಮಾಡದವನ ಮನೆಯ ಹೊಸ್ತಿಲಿಗೆ ಹೋಗುವವರು ಯಾರು? ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಪ್ರಶ್ನೆ.

ಹಾಲಿನ ಸಂಘದ ಪುಸ್ತಕ

ಹಿಂದೆ ಮುಯ್ಯಾಳು ಪದ್ಧತಿ ಇತ್ತು. ಕಳೆ ಕೀಳುವಾಗ, ಕಣ ಮಾಡುವಾಗ ಹತ್ತು ಮನೆಯವರು ಒಟ್ಟಿಗೆ ದುಡಿಯುತ್ತಿದ್ದರು. ಯಾರ ಮನೆಯ ಒಲೆ ಉರಿದಿಲ್ಲ, ಯಾರ ಮುಖ ಬಾಡಿದೆ ಎಂಬುದು ಸಾಲು ಮುಗಿಯುವುದರೊಳಗೆ ತಿಳಿಯುತ್ತಿತ್ತು. ಈಗ ಯಂತ್ರ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ, ಮಾತು ಮಾತ್ರ ಉಳಿದುಹೋಗುತ್ತದೆ. ಹಳೆಯದನ್ನು ಮರಳಿ ತರಲು ಸಾಧ್ಯವಿಲ್ಲ. ಆದರೆ ಹತ್ತು ಮನೆಯವರು ದಿನವೂ ಕೂಡುವ ಒಂದು ಸ್ಥಳ ಇಂದಿಗೂ ಅನೇಕ ಹಳ್ಳಿಗಳಲ್ಲಿ ಉಳಿದಿದೆ. ಅದೇ ಹಾಲು ಉತ್ಪಾದಕರ ಸಹಕಾರ ಸಂಘ.

1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಆರಂಭವಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾದ ಮೇಲೆ ಈ ಸಂಘಗಳು ಹಳ್ಳಿಹಳ್ಳಿಗೆ ಹಬ್ಬಿದುವು. ಸಂಘದ ಕಾರ್ಯದರ್ಶಿ ಪ್ರತಿ ಮನೆಯನ್ನೂ ದಿನಕ್ಕೆ ಎರಡು ಹೊತ್ತು ಕಾಣುತ್ತಾನೆ. ಯಾವ ವೈದ್ಯನಿಗೂ, ಯಾವ ಅಧಿಕಾರಿಗೂ ಈ ಅನುಕೂಲವಿಲ್ಲ. ಎಂಟು ಲೀಟರು ಹಾಕುತ್ತಿದ್ದ ಮನೆ ಮೂರಕ್ಕೆ ಇಳಿದುದು, ಯಜಮಾನ ಬರುತ್ತಿದ್ದ ಕಡೆ ಮಗು ಕ್ಯಾನು ಹಿಡಿದು ಬಂದುದು, ನಾಲ್ಕು ದಿನ ಪುಸ್ತಕದ ಸಾಲು ಖಾಲಿಯಾದುದು, ಇವೆಲ್ಲ ಅವನ ಕಣ್ಣೆದುರಿಗೇ ಇರುತ್ತವೆ.

ನಾನು ಕಂಡ ಒಂದು ಸಂಘದ ಕಾರ್ಯದರ್ಶಿ ಹೀಗೆ ಖಾಲಿ ಸಾಲು ನೋಡಿ, ಒಬ್ಬ ಹಿರಿಯ ಸದಸ್ಯರನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋದ. ಹಸು ಮಾರಿ ಆಗಿತ್ತು. ಗಂಡ ಎರಡು ವಾರದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇವರು ಬುದ್ಧಿ ಹೇಳಲಿಲ್ಲ, ಕುಳಿತು ಕೇಳಿದರು. ಮರುವಾರ ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಹೋದರು, ಆಮೇಲೆ ಬ್ಯಾಂಕಿಗೂ ಹೋದರು. ಎರಡು ತಿಂಗಳಲ್ಲಿ ಆ ಮನುಷ್ಯ ಮತ್ತೆ ಹೊಲಕ್ಕಿಳಿದ. ಆ ಕಾರ್ಯದರ್ಶಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ಅದು ಅವನ ಸ್ವಭಾವ. ಆದರೆ ಊರಿನ ಜೀವಗಳನ್ನು ಒಬ್ಬನ ಸ್ವಭಾವಕ್ಕೆ ಬಿಡುವುದು ಸರಿಯಲ್ಲ. ಅದನ್ನು ಪದ್ಧತಿಯಾಗಿ ಮಾಡಬೇಕು.

ಹಾಲಿನ ಸಂಘವಿಲ್ಲದ ಊರಿನಲ್ಲಿ ಸ್ತ್ರೀಶಕ್ತಿ ಗುಂಪು ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, ಸೇವಾ ಸಹಕಾರ ಸಂಘವಿದೆ, ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರವಿದೆ. ಹಸುವಿಲ್ಲದ ಕೂಲಿಕಾರರ ಮನೆಯನ್ನು ಮುಟ್ಟುವವರು ಆಶಾ ಮತ್ತು ಸ್ತ್ರೀಶಕ್ತಿಯವರೇ. ಸ್ತ್ರೀಶಕ್ತಿ ಗುಂಪಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವ ಮೊದಲು, 'ಈ ವಾರ ಯಾರು ಬಂದಿಲ್ಲ, ಏಕೆ ಬಂದಿಲ್ಲ' ಎಂದು ಕೇಳಲು ಐದು ನಿಮಿಷ ಸಾಕು. ಹೆಣ್ಣುಮಕ್ಕಳ ಸಂಕಟ ಮನೆಯ ಗೋಡೆ ದಾಟುವುದೇ ಕಷ್ಟ. ನಸುಕಿನಿಂದ ರಾತ್ರಿಯವರೆಗೆ ದುಡಿದು, ಗಂಡನ ಮೌನವನ್ನೂ ಸಾಲಗಾರನ ಮಾತನ್ನೂ ಸಹಿಸುವವಳು ಅವಳು. ಅವಳಿಗೂ ಕೇಳುವ ಕಿವಿಯೊಂದು ಬೇಕು.

ತರಬೇತಿಯಲ್ಲಿ ಏನಿರಬೇಕು?

ಮನೋವೈದ್ಯನಾಗುವ ತರಬೇತಿ ಇದಲ್ಲ. ನಾಲ್ಕು ಸಂಗತಿಗಳನ್ನು ತಿಳಿದರೆ ಸಾಕು.

1. ಲಕ್ಷಣ ಗುರುತಿಸುವುದು. ಎರಡು ವಾರಕ್ಕೂ ಮಿಕ್ಕಿ ಉತ್ಸಾಹವಿಲ್ಲದಿರುವುದು, ನಿದ್ದೆ ಊಟ ಕೆಡುವುದು, ದನಕರುಗಳ ಆರೈಕೆ ಬಿಡುವುದು, ಸಂತೆ ಜಾತ್ರೆ ತಪ್ಪಿಸುವುದು, ಕುಡಿತ ಹೆಚ್ಚುವುದು, 'ನಾನಿಲ್ಲದಿದ್ದರೆ ನಿಮಗೆಲ್ಲ ಸುಖ' ಎಂಬಂತಹ ಮಾತಾಡುವುದು. ಇವನ್ನು ಹಗುರವಾಗಿ ಕಾಣಬಾರದು.

2. ಕೇಳುವುದು. 'ಧೈರ್ಯವಾಗಿರು, ಗಂಡಸಲ್ಲವೇ' ಎಂದರೆ ಅವನ ಬಾಯಿ ಮುಚ್ಚಿಸಿದಂತೆಯೇ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಬಹುದು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆಯ ಭಾರ ಇಳಿಯುತ್ತದೆ.

3. ಜೊತೆಗೆ ಹೋಗುವುದು. ಬರಿಯ ವಿಳಾಸ ಹೇಳಿದರೆ ಸಾಲದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿಕೊಂಡು ಒಟ್ಟಿಗೆ ಹೋಗಬೇಕು. ಅಪಾಯ ಹತ್ತಿರವಿದೆ ಎನಿಸಿದರೆ ಆ ಮನುಷ್ಯನನ್ನು ಒಬ್ಬನನ್ನೇ ಬಿಡಬಾರದು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುವುದುಂಟು. ಎಂಟು ದಿನಕ್ಕೇ ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು. ಹಾಗೆ ಬಿಡದಂತೆ ನೋಡಿಕೊಳ್ಳುವವರು ಬೇಕು.

4. ಗುಟ್ಟು ಕಾಪಾಡುವುದು. ಕೇಳಿದ ಮಾತು ಅರಳಿಕಟ್ಟೆಗೆ ಬಂದರೆ ಎರಡನೆಯವನು ಬಾಯಿ ಬಿಡುವುದಿಲ್ಲ. ಜೀವಕ್ಕೆ ಅಪಾಯವೆನಿಸಿದಾಗ ಮಾತ್ರ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು.

ಇದರೊಡನೆ ದೂರವಾಣಿಯ ನೆರವೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಲಿನ ಸಂಘದ ಗೋಡೆಯ ಮೇಲೆ, ರಸಗೊಬ್ಬರದ ಅಂಗಡಿಯ ಮುಂದೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಆತ್ಮಹತ್ಯೆಗೆ ಯತ್ನಿಸಿದವರು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಹೋಗದಿರುವುದುಂಟು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ಅಂತಹವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಈ ವಿಷಯವೂ ಹಳ್ಳಿಗೆ ಮುಟ್ಟಬೇಕು.

ಮನೆಯೊಳಗೆ ಮಾಡಬಹುದಾದುದು

ಮೊದಲನೆಯದಾಗಿ, ಮನೆಯ ಲೆಕ್ಕ ಯಜಮಾನನ ಎದೆಯಲ್ಲಿ ಮಾತ್ರ ಇರಬಾರದು. ಎಷ್ಟು ಸಾಲ, ಯಾರಲ್ಲಿ, ಯಾವ ಬಡ್ಡಿಗೆ ಎಂಬುದು ಅನೇಕ ಮನೆಗಳಲ್ಲಿ ಹೆಂಡತಿಗೆ ತಿಳಿಯುವುದು ಸಾಲಗಾರ ಬಾಗಿಲಿಗೆ ಬಂದಾಗಲೇ. ತಿಂಗಳಿಗೊಮ್ಮೆ ಗಂಡ, ಹೆಂಡತಿ, ಬೆಳೆದ ಮಕ್ಕಳು ಕುಳಿತು ಒಂದು ಪುಸ್ತಕದಲ್ಲಿ ಆದಾಯ, ಖರ್ಚು, ಸಾಲ ಬರೆಯಬೇಕು. ಮೊದಲ ದಿನ ಮುಜುಗರವಾಗಬಹುದು. ಆದರೆ ನಾಲ್ವರು ಹೊತ್ತ ಭಾರ ಒಬ್ಬನ ಬೆನ್ನು ಮುರಿಯುವುದಿಲ್ಲ.

ಎರಡನೆಯದಾಗಿ, ಕೀಟನಾಶಕವನ್ನು ಮಲಗುವ ಮನೆಯಲ್ಲಿ, ಅಡುಗೆಮನೆಯ ಅಟ್ಟದಲ್ಲಿ ಇಡುವ ಅಭ್ಯಾಸ ಬಿಡಬೇಕು. ಜಗತ್ತಿನಲ್ಲಿ ನಡೆಯುವ ಆತ್ಮಹತ್ಯೆಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಕೀಟನಾಶಕವೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆವೇಶದ ಗಳಿಗೆ ಬಹುಮಟ್ಟಿಗೆ ಕಳೆದುಹೋಗುವಂತಹದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಅತ್ಯಂತ ವಿಷಕಾರಿ ಔಷಧಿಗಳನ್ನು ನಿಷೇಧಿಸುತ್ತ ಬಂದ ಮೇಲೆ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಇದರಿಂದ ಇಳುವರಿ ಕುಸಿದುದು ಕಂಡುಬರಲಿಲ್ಲ. ಅದೇ ದೇಶದಲ್ಲಿ ಮನೆಗೊಂದು ಬೀಗದ ಪೆಟ್ಟಿಗೆ ಹಂಚಿ ನೋಡಿದ ಪ್ರಯೋಗ ಮಾತ್ರ ಫಲ ಕೊಡಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗವಿದ್ದೂ ಇಲ್ಲದಂತೆ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಎರಡು ಹಳ್ಳಿಗಳ ರೈತರು ಔಷಧಿಗಳನ್ನು ಮನೆಯಿಂದ ಹೊರಗೆ, ಬ್ಯಾಂಕಿನ ಲಾಕರಿನಂತಹ ಸಾಮೂಹಿಕ ಉಗ್ರಾಣದಲ್ಲಿ ಇಟ್ಟ ಪ್ರಯೋಗ ಉತ್ತೇಜನಕಾರಿಯಾಗಿತ್ತು. ನಮ್ಮ ಸೇವಾ ಸಹಕಾರ ಸಂಘದ ಗೋದಾಮಿನ ಒಂದು ಮೂಲೆಯಲ್ಲಿ ಇಂತಹ ಏರ್ಪಾಡು ಮಾಡುವುದು ಕಷ್ಟದ ಕೆಲಸವೇ? ಬೇಕಾದಷ್ಟೇ ಕೊಂಡು, ಉಳಿದುದನ್ನು ಅಲ್ಲಿಡಬಹುದು.

ಒಂದು ಆಕ್ಷೇಪಣೆ

'ಬೆಲೆ ಕೊಡಿ, ನೀರು ಕೊಡಿ, ಸಾಂತ್ವನದ ಮಾತು ಯಾರಿಗೆ ಬೇಕು' ಎಂದು ರೈತ ಬಾಂಧವರು ಕೇಳಬಹುದು. ನ್ಯಾಯವಾದ ಮಾತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂತಹ ವರ್ಷದಲ್ಲಿ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ. ಬೆಂಬಲ ಬೆಲೆ, ವಿಮೆ, ಸಕಾಲದ ಸಾಲ ಇವುಗಳ ಸ್ಥಾನವನ್ನು ಯಾವ ತರಬೇತಿಯೂ ತುಂಬಲಾರದು. ಅವನ್ನು ಕೇಳುವುದನ್ನು ನಾವು ಬಿಡಬಾರದು.

ಆದರೆ ಮನಸ್ಸು ಕುಸಿದವನಿಗೆ ಇರುವ ಸವಲತ್ತೂ ದಕ್ಕುವುದಿಲ್ಲ ಎಂಬುದನ್ನು ಮನಗಾಣಬೇಕು. ವಿಮೆಯ ಅರ್ಜಿಗೆ ಗಡುವಿದೆ, ಬೆಳೆನಷ್ಟವನ್ನು ತಿಳಿಸಲು ಗಡುವಿದೆ, ಬರ ಬಂದಾಗ ಬೆಳೆಸಾಲದ ಮರುಹೊಂದಾಣಿಕೆಗೆ ಬ್ಯಾಂಕಿಗೆ ಹೋಗಿ ಕೇಳಬೇಕು. ಹಾಸಿಗೆ ಬಿಟ್ಟೇಳದವನು ಇದನ್ನೆಲ್ಲ ಮಾಡುವುದೆಂತು? ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯ ಕಿರುಸಾಲಗಳ ಬಗ್ಗೆ ಕಾನೂನು ತಂದಿದೆ. ಕಾನೂನಿನ ಉಚಿತ ನೆರವಿಗೆ 15100 ಸಂಖ್ಯೆ ಇದೆ. ಹೆದರಿ ಕೂತವನಿಗೆ ಇವು ಇದ್ದೂ ಇಲ್ಲದಂತೆ. ಆದುದರಿಂದ ಕೇಳುವ ಕಿವಿ ಮತ್ತು ಅರ್ಜಿ ಬರೆಯುವ ಕೈ ಎರಡೂ ಒಟ್ಟಿಗೆ ಹೋಗಬೇಕು. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ಆಗಬೇಕಾದ ಕೆಲಸ

ಕೃಷಿ ವಿಶ್ವವಿದ್ಯಾನಿಲಯಗಳು ಪದವಿ ತರಗತಿಯ ವಿಸ್ತರಣಾ ಪಾಠದಲ್ಲಿ ಈ ವಿದ್ಯೆಗೆ ಸ್ಥಾನ ಕೊಡಬೇಕು. ಕೃಷಿ ವಿಜ್ಞಾನ ಕೇಂದ್ರಗಳು ಬೀಜೋಪಚಾರದ ತರಬೇತಿಯ ದಿನವೇ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರನ್ನು ಕರೆಸಬೇಕು. ಹಾಲು ಒಕ್ಕೂಟಗಳು ಕಾರ್ಯದರ್ಶಿಗಳಿಗೆ ಜಿಡ್ಡು ಪರೀಕ್ಷೆ ಕಲಿಸುವಂತೆ ಇದನ್ನೂ ಕಲಿಸಬೇಕು. ಹಾಲಿನ ಜಿಡ್ಡು ಒಂದು ಅಂಶ ಕಡಿಮೆಯಾದರೆ ಕಂಡುಹಿಡಿಯಬಲ್ಲವರು, ಹಾಲು ತಂದವನ ಮುಖ ಬಾಡಿದುದನ್ನೂ ಕಂಡುಹಿಡಿಯಬಲ್ಲರು. ಇನ್ನು ನಮ್ಮ ವಿಸ್ತರಣಾ ಕಾರ್ಯಕರ್ತರು ಹೊಲಕ್ಕೆ ಹೋದಾಗ ಬೆಳೆಯ ಬಗ್ಗೆ ಮಾತು ಮುಗಿದ ಮೇಲೆ, 'ಮನೆಯಲ್ಲಿ ಹೇಗಿದ್ದೀರಿ, ನಿದ್ದೆ ಬರುತ್ತದೆಯೇ' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು.

ಇಷ್ಟೆಲ್ಲ ಆಗುವವರೆಗೆ ಓದುಗ ಬಾಂಧವರು ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿ ಯಾರು ಇಲ್ಲವೆಂದು ನೋಡಿರಿ. ನಾಲ್ಕು ದಿನದಿಂದ ಕಾಣದವರಿದ್ದರೆ, ಬರುವಾಗ ಅವರ ಮನೆಯ ದಾರಿ ಹಿಡಿದು ಬನ್ನಿರಿ. ಸಂಕಟ ನಿಮ್ಮದೇ ಆಗಿದ್ದರೆ, ಅದನ್ನು ನಂಬಿಕೆಯ ಒಬ್ಬರ ಮುಂದೆ ಇಂದೇ ಹೇಳಿರಿ, ಇಲ್ಲವೆ 14416ಕ್ಕೆ ಕರೆಮಾಡಿರಿ. ಹೇಳಿಕೊಳ್ಳುವುದು ಹೇಡಿತನವಲ್ಲ. ಬೆಳೆ ಒಂದು ಹಂಗಾಮಿನದು, ಹೋದರೆ ಮತ್ತೆ ಬಿತ್ತಬಹುದು. ಬಿತ್ತುವ ಕೈ ಉಳಿಯಬೇಕು.